ಎಡದಿಂದ ಎರಡನೆಯವರು

...ಆ ಕುರ್ಚಿ ಬೇಡ ಮೇಸ್ತ್ರಿ, ಅದರ ಒಂದು ಕಾಲು ಅಲ್ಲಾಡುತ್ತೆ. ಇಲ್ಲಿ ಕೂತ್ಕೊಳ್ಳಿ, ಕಿಟಕಿ ಪಕ್ಕ, ಮುಖದ ಮೇಲೆ ಬೆಳಕು ಬೀಳುತ್ತೆ. ನೋಡಿ ನನ್ನ ಚಟ. ಮನೆಗೆ ಯಾರೇ ಬರಲಿ, ಮೊದಲು ಬೆಳಕು ಎಲ್ಲಿದೆ ಅಂತ ನೋಡಿ ಕೂರಿಸ್ತೀನಿ. ಪೇಪರಿನ ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಕ್ಯಾಮೆರಾ ಬೀರುವಿನಲ್ಲಿ ಬೂಷ್ಟು ಹಿಡೀತಿದೆ, ಚಟ ಮಾತ್ರ ಹೋಗಿಲ್ಲ... ಏನು ಹೇಳ್ತಿದ್ದೆ? ಹಾಂ. ನಿಮ್ಮನ್ನ ಜೈಲಿಗೆ ಕಳಿಸಿದವನು ಯಾರು ಅಂತ ನನಗೆ ಗೊತ್ತು ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳಲ್ಲ. ಪೊಲೀಸಿನವನಲ್ಲ, ಜಡ್ಜೂ ಅಲ್ಲ. ನಮ್ಮ ಭಾವ. ನನ್ನ ಅಕ್ಕನ ಗಂಡ. ನಮ್ಮ ಪೇಪರಿನ ಡಾರ್ಕ್ ರೂಮಿಗೆ ಮುಖ್ಯಸ್ಥ ಆಗಿದ್ದವನು. ಅವನೇ.

ಯಾಕೆ, ನಂಬಿಕೆ ಬರ್ತಿಲ್ವಾ? ಕಾಫಿ ಕಪ್ಪನ್ನ ಕೈಯಲ್ಲೇ ಹಿಡ್ಕೊಂಡು ಕೂತಿದ್ದೀರಿ. ಕುಡೀರಿ, ಆರಿಹೋಗುತ್ತೆ. ನನಗೆ ಅರ್ಥ ಆಗುತ್ತೆ ಮೇಸ್ತ್ರಿ. ಇಪ್ಪತ್ತಾರು ವರ್ಷ ಆದ ಮೇಲೆ ಯಾರೋ ಒಬ್ಬ ಫೋನು ಮಾಡಿ, ನಿಮ್ಮ ಬದುಕು ಹಾಳು ಮಾಡಿದವನನ್ನ ತೋರಿಸ್ತೀನಿ ಬನ್ನಿ ಅಂದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಆದ್ರೂ ಬಂದ್ರಲ್ಲ. ಲೇತ್ ಶಾಪಿಗೆ ಬೀಗ ಹಾಕಿ, ಎರಡು ಬಸ್ಸು ಬದಲಾಯಿಸಿ, ಮೂರು ಮಹಡಿ ಹತ್ತಿ ಬಂದ್ರಿ. ಅಂದ್ರೆ ನಿಮ್ಮ ಹೊಟ್ಟೆಯೊಳಗೂ ಬೆಂಕಿ ಆರಿಲ್ಲ. ಅಷ್ಟು ಸಾಕು ನನಗೆ.

ಇದನ್ನ ನೋಡಿ. ಗುರುತು ಸಿಕ್ತಲ್ಲ? ಆವತ್ತಿನ ಪೇಪರು. ಮಡಿಕೆ ಹತ್ರ ಹರಿದಿದೆ, ನಿಧಾನವಾಗಿ ಹಿಡ್ಕೊಳ್ಳಿ. ಕಾರ್ಖಾನೆ ಗೇಟಿನ ಮುಂದೆ ಐದು ಜನ, ಐದೂ ಜನರ ಮೈಮೇಲೆ ಒಂದೇ ಥರ ಕಂಪನಿ ಅಂಗಿ. ಮುಷ್ಕರದ ಮೂರನೇ ದಿನ. ಫೋಟೋ ತೆಗೆದದ್ದು ನಾನು. ಕೆಳಗಿನ ಸಾಲು ಬರೆದದ್ದೂ ನಾನು. 'ಎಡದಿಂದ ಎರಡನೆಯವರು ಮ್ಯಾನೇಜರ ಕಾರಿಗೆ ಮೊದಲ ಕಲ್ಲು ಎಸೆದ ಕಾರ್ಮಿಕ.' ಎಣಿಸಿ. ಒಂದು... ಎರಡು. ಯಾರು? ನೀವು. ಆ ಕಲ್ಲಿಗೆ ಕಾರಿನ ಡ್ರೈವರನ ಕಣ್ಣು ಹೋಗಿತ್ತು. ಮಾರನೇ ದಿನ ಪೊಲೀಸರು ಈ ಪೇಪರನ್ನ ಮಡಚಿ ಜೇಬಿನಲ್ಲಿಟ್ಕೊಂಡು ನಿಮ್ಮ ಲೇತಿನ ಮುಂದೆ ಬಂದು ನಿಂತ್ರು. ನೀವು ನಾನಲ್ಲ, ನಾನಲ್ಲ ಅಂದ್ರಿ. ಯಾರು ಕೇಳ್ತಾರೆ? ಬೇರೆ ದೇಶದಿಂದ ಹೊಟ್ಟೆಪಾಡಿಗೆ ಬಂದ ಜನ ನಾವು, ಅವರ ಕಣ್ಣಿಗೆ ನಮ್ಮ ಮುಖಗಳೆಲ್ಲ ಒಂದೇ. ಪೇಪರಿನಲ್ಲಿ ಬಂದಿದೆ ಅಂದ ಮೇಲೆ ಮುಗೀತು. ಹನ್ನೊಂದು ತಿಂಗಳು ಹಾಕಿದ್ರು.

ಈಗ ಇಲ್ಲಿ ನೋಡಿ. ಈ ಹಾಲುಗಾಜಿನ ಪೆಟ್ಟಿಗೆಗೆ ಲೈಟು ಹಾಕ್ತೀನಿ... ಹಾಂ. ಕನ್ನಡಕ ಹಾಕ್ಕೊಳ್ಳಿ. ಇದು ಅದೇ ಫೋಟೋದ ಅಸಲಿ ನೆಗೆಟಿವ್. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎಡದಿಂದ ಎರಡನೆಯವನನ್ನ ಮಾತ್ರ ನೋಡಿ. ನೀವಾ? ಅಲ್ಲ. ಆ ಉದ್ದನೆಯವನು, ನಿಮ್ಮ ಜೊತೆ ಕೆಲಸ ಮಾಡ್ತಿದ್ದನಲ್ಲ, ಪೇಪರು ಬಂದ ದಿನವೇ ಹಡಗು ಹತ್ತಿ ಓಡಿಹೋದನಲ್ಲ, ಅವನು. ನೀವು ಆಚೆ ಕಡೆ ಇದ್ದೀರಿ. ಬಲದಿಂದ ಎರಡನೆಯವರು. ನಾನು ಬರೆದದ್ದು ಸರಿಯಾಗೇ ಇತ್ತು ಮೇಸ್ತ್ರಿ. ಪ್ರಿಂಟು ಹಾಕೋವಾಗ ನೆಗೆಟಿವನ್ನ ಮಗುಚಿ ಇಟ್ಟಿದ್ದಾರೆ. ಎಡ ಬಲ ಆಯ್ತು, ಬಲ ಎಡ ಆಯ್ತು, ಅವನಿದ್ದ ಜಾಗಕ್ಕೆ ನೀವು ಬಂದ್ರಿ. ಅಷ್ಟೇ ಆದದ್ದು. ಒಂದು ಇಂಚಿನ ಫಿಲ್ಮು ಮಗುಚಿತು, ಒಬ್ಬನ ಮನೆ ಮುಳುಗಿತು.

ಆಗಲೇ ಗೊತ್ತಾಗಿತ್ತು, ಹೌದು. ಫೋಟೋ ಉಲ್ಟಾ ಆಗಿದೆ ಅಂತ ಭಾವನೇ ಒಪ್ಕೊಂಡ. ನನ್ನ ಕೈ ತಪ್ಪು ಅಂದ, ತಲೆ ತಗ್ಗಿಸಿ ನಿಂತ. ಎಲ್ಲರೂ ಅಯ್ಯೋ ಪಾಪ ಅಂದ್ರು. ನಾನು ನಿಮ್ಮನ್ನ ಕರೆಸಿದ್ದು ಯಾಕೆ ಅಂದ್ರೆ, ಅದು ಕೈ ತಪ್ಪಲ್ಲ. ಬೇಕಂತಲೇ ಮಾಡಿದ್ದು.

ನಿಮಗೆ ಕೆಲಸ ಗೊತ್ತಿಲ್ಲ, ಹೇಳ್ತೀನಿ ಕೇಳಿ. ಫಿಲ್ಮಿಗೆ ಎರಡು ಬದಿ. ಒಂದು ಹೊಳೆಯುತ್ತೆ, ಇನ್ನೊಂದು ಮಂದ. ಪ್ರಿಂಟು ಹಾಕೋ ಯಂತ್ರದಲ್ಲಿ ಮಂದ ಬದಿ ಯಾವಾಗಲೂ ಕೆಳಗೆ. ಡಾರ್ಕ್ ರೂಮಿಗೆ ಕಾಲಿಟ್ಟ ದಿನ ಹೇಳಿಕೊಡೋ ಮೊದಲ ಪಾಠ ಅದು. ನನಗೆ ಹೇಳಿಕೊಟ್ಟವನೂ ಅವನೇ. ನನ್ನ ಕೈ ಹಿಡಿದು, ಕತ್ತಲಲ್ಲೇ ಅಂಚಿಗೆ ಬೆರಳು ತಾಗಿಸಿ, 'ಇದು ಹೊಳಪು, ಇದು ಮಂದ, ಕಣ್ಣು ಬೇಡ, ಬೆರಳಿಗೆ ತಿಳೀಬೇಕು' ಅಂದಿದ್ದ. ಹತ್ತೊಂಬತ್ತು ವರ್ಷ ದಿನಕ್ಕೆ ನಲವತ್ತು ಐವತ್ತು ಪ್ರಿಂಟು ಹಾಕಿದವನು. ಒಂದು ಸಲವೂ ತಪ್ಪಲಿಲ್ಲ. ಆವತ್ತೊಂದೇ ದಿನ ತಪ್ಪಿದನಾ? ಅದೂ ನನ್ನ ಫೋಟೋ ಮುಖಪುಟಕ್ಕೆ ಹೋಗೋ ದಿನವೇ? ನನ್ನ ಹೆಸರಿಗೆ ಮಸಿ ಬಳಿಯೋಕೆ ಮಾಡಿದ. ಅವನಿಗೆ ನಾನು ಮೇಲೆ ಬರೋದು ಬೇಕಿರಲಿಲ್ಲ.

ನಗ್ತೀರಾ? ಇಲ್ವಾ... ನಕ್ಕ ಹಾಗೆ ಕಾಣಿಸ್ತು. ಇರಲಿ.

ಅವನು ಎಂಥವನು ಅಂತ ನಿಮಗೆ ತಿಳೀಬೇಕು. ನನಗೆ ಹತ್ತೊಂಬತ್ತು ವಯಸ್ಸು ಇಲ್ಲಿಗೆ ಬಂದಾಗ. ಕರೆಸಿಕೊಂಡದ್ದು ಭಾವನೇ, ಅದಕ್ಕೆ ಇಲ್ಲ ಅನ್ನಲ್ಲ. ಅಕ್ಕ ಹಟ ಮಾಡಿದ್ಳು, ತಮ್ಮ ಊರಲ್ಲಿ ಕೆಟ್ಟುಹೋಗ್ತಿದ್ದಾನೆ, ಕರೆಸಿಕೊಳ್ಳಿ ಅಂತ. ಕರೆಸಿದ. ಫೋಟೋ ತೆಗೆಯೋಕೆ ಕಲಿಸ್ತೀನಿ ಅಂದ. ಎಷ್ಟು ವರ್ಷ ಕತ್ತಲಲ್ಲಿ ಕೂಡಿಹಾಕಿದ ಗೊತ್ತಾ? ಆರು ವರ್ಷ. ಆರು ವರ್ಷ ನಾನು ಬೇರೆಯವರು ತೆಗೆದ ಫೋಟೋ ತೊಳೆದೆ. ಔಷಧದ ನೀರಿನಲ್ಲಿ ಕೈ ಅದ್ದಿ ಅದ್ದಿ ಉಗುರೆಲ್ಲ ಕಂದು ಬಣ್ಣ ಆಗಿತ್ತು. ಊಟ ಮಾಡಿದ್ರೆ ಅನ್ನಕ್ಕೂ ಅದೇ ವಾಸನೆ. ಹೊರಗೆ ಕಳಿಸು ಭಾವ, ಕ್ಯಾಮೆರಾ ಕೊಡು ಅಂದ್ರೆ, 'ಮೊದಲು ನೋಡೋಕೆ ಕಲಿ' ಅಂತಿದ್ದ. ಏನು ನೋಡೋದು? ಕೆಂಪು ದೀಪದಲ್ಲಿ ಮಂತ್ರಿಗಳ ಮೂಗು.

ಕೊನೆಗೆ ಕ್ಯಾಮೆರಾ ಸಿಕ್ತು. ಒಬ್ಬ ಫೋಟೋಗ್ರಾಫರ್ ಬೆನ್ನು ಉಳುಕಿಸಿಕೊಂಡು ಮಲಗಿದ, ಅವನ ಬದಲು ನಾನು. ಆಮೇಲೆ ಹಿಂತಿರುಗಿ ನೋಡಲಿಲ್ಲ... ಅಲ್ಲ, ನಮ್ಮ ಕೆಲಸದಲ್ಲಿ ನಡೆಯೋದೇ ಹಿಂದಕ್ಕೆ. ದೊಡ್ಡವರು ಮುಂದೆ ಬರ್ತಿರ್ತಾರೆ, ನಾವು ಅವರ ಮುಖಕ್ಕೆ ಕ್ಯಾಮೆರಾ ಹಿಡಿದು ಹಿಂದ್ಹಿಂದಕ್ಕೆ ನಡೀತಿರ್ತೀವಿ. ಎರಡು ಸಲ ಚರಂಡಿಗೆ ಬಿದ್ದಿದ್ದೀನಿ. ಒಂದು ಸಲ ಯಾವುದೋ ದೇಶದ ರಾಯಭಾರಿಯ ಹೆಂಡತಿ ಮೇಲೆ. ಬೆಂಕಿ ಬಿದ್ದ ಕಡೆ, ಫುಟ್ಬಾಲು, ಕೋರ್ಟಿನ ಮೆಟ್ಟಿಲು, ಬೀದಿ ಗಲಾಟೆ. ಪೊಲೀಸರು ತಡೆಗೋಲು ಹಾಕಿದ ಕಡೆ ಬಿಳಿ ಚರ್ಮದವನಿಗೆ ಪ್ರೆಸ್ ಕಾರ್ಡು ಕೇಳಲ್ಲ, ನನಗೆ ಮೂರು ಸಲ ಕೇಳ್ತಾರೆ. ನಾನು ಕಾರ್ಡನ್ನ ಹಲ್ಲಿನಲ್ಲಿ ಕಚ್ಕೊಂಡೇ ಹೋಗ್ತಿದ್ದೆ, ಎರಡು ಕೈಯೂ ಕ್ಯಾಮೆರಾಗೆ ಬೇಕಲ್ಲ. ಹಾಗೆ ಒದ್ದಾಡಿ ರೋಲು ತಂದುಕೊಟ್ರೆ ನಮ್ಮ ಭಾವ ಏನು ಮಾಡ್ತಿದ್ದ? ತೊಳೆದು, ಎಲ್ಲ ಚಿತ್ರಗಳನ್ನ ಒಂದೇ ಹಾಳೆ ಮೇಲೆ ಸಣ್ಣದಾಗಿ ಹಾಕಿ, ಕೆಂಪು ಪೆನ್ಸಿಲು ಹಿಡಿದು, ಎಲ್ಲರ ಮುಂದೆ ಹೊಡೆದು ಹಾಕ್ತಾ ಹೋಗ್ತಿದ್ದ. ಇದು ಬೇಡ. ಇದು ಬೇಡ. ಇದು ಯಾಕೆ ತೆಗೆದೆ? ಬೇರೆಯವರ ಹಾಳೆ ಮೇಲೆ ಅವನ ಪೆನ್ಸಿಲು ಆಡ್ತಿರಲಿಲ್ಲ. ನನ್ನದರ ಮೇಲೆ ಮಾತ್ರ. ಹೆಂಡತಿಯ ತಮ್ಮ ಅಲ್ವಾ, ಸಲಿಗೆ.

ಅದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡಿದ್ದೆ ಮೇಸ್ತ್ರಿ. ಸತ್ಯವಾಗಿ. ಮನೆಗೆ ಹೋದ್ರೆ ಅಕ್ಕ ಬಡಿಸ್ತಿದ್ಳು, ಮುಖ ನೋಡಿದ ಕೂಡಲೇ ಗೊತ್ತಾಗ್ತಿತ್ತು ಅವಳಿಗೆ. 'ಇವತ್ತು ಎಷ್ಟಕ್ಕೆ ಗೀಟು ಹಾಕಿದ್ರೋ?' ಅಂತಿದ್ಳು. ಇಪ್ಪತ್ತೆಂಟಕ್ಕೆ ಅಂದ್ರೆ, 'ಮೂವತ್ತಾರರಲ್ಲಿ ಎಂಟು ಉಳಿದ್ವಲ್ಲ, ಉಣ್ಣು' ಅಂತಿದ್ಳು. ಅವಳಿದ್ಳು ಅಂತ ನಾನು ಈ ದೇಶದಲ್ಲಿ ನಿಂತೆ. ಇಲ್ಲಿ ನನಗೆ ಅಂತ ಇದ್ದದ್ದು ಅವಳೊಬ್ಬಳೇ.

ನಿಮ್ಮ ಮುಷ್ಕರ ಆದ ವರ್ಷವೇ, ಅದಕ್ಕೂ ಮೊದಲು, ಗಡಿಯಲ್ಲಿ ಯುದ್ಧ ಶುರುವಾಯ್ತು. ನನ್ನನ್ನ ಕಳಿಸಿದ್ರು. ಇಪ್ಪತ್ತಮೂರು ದಿನ ಇದ್ದೆ. ಅದು ಹೇಗಿತ್ತು ಅಂತ ಹೇಳಲ್ಲ, ಬಿಡಿ, ನೋಡಿದ್ದೇ ಸಾಕು. ಒಂಬತ್ತು ರೋಲು ತೆಗೆದಿದ್ದೆ. ಮೈಯಲ್ಲಿ ಜ್ವರ, ಕಾಲಿನಲ್ಲಿ ಯಾರದೋ ಸತ್ತವನ ಬೂಟು. ವಿಮಾನದಿಂದ ಇಳಿದವನು ಮನೆಗೂ ಹೋಗದೆ ಸೀದಾ ಆಫೀಸಿಗೆ ಬಂದೆ. ಡಾರ್ಕ್ ರೂಮಿಗೆ ಒಂದು ಸಣ್ಣ ಕಿಟಕಿ ಇತ್ತು, ರೋಲು ಕೊಡೋಕೆ. ಭಾವ ಅದರೊಳಗಿಂದ ಕೈ ಚಾಚಿದ. 'ರೋಲು ಕೊಡು' ಅಂದ. ಕೊಟ್ಟೆ. ಅಕ್ಕ ಹೇಗಿದ್ದಾಳೆ ಅಂದೆ. 'ಕೂತ್ಕೋ' ಅಂದ. ಕೂತೆ, ಹೊರಗೆ ಬೆಂಚಿನ ಮೇಲೆ. ಒಂಬತ್ತೂ ತೊಳೆದ. ಒಣಗಿಸಿದ. ಹಾಳೆ ಮೇಲೆ ಹಾಕಿದ. ಮೊದಲನೇ ಸಲ ಕೆಂಪು ಪೆನ್ಸಿಲು ಮುಟ್ಟಲಿಲ್ಲ. ಐದು ಚಿತ್ರ ಆರಿಸಿ ಮೇಲೆ ಕಳಿಸಿದ. ಎರಡೂವರೆ ಗಂಟೆ. ಆಮೇಲೆ ಕೈ ತೊಳ್ಕೊಂಡು, ಟವಲಿನಲ್ಲಿ ಒರೆಸಿಕೊಂಡು, ಹೊರಗೆ ಬಂದು, ಬೆಂಚಿನ ಆ ತುದಿಯಲ್ಲಿ ಕೂತು ಹೇಳಿದ. 'ನಿನ್ನ ಅಕ್ಕ ಹೋದ್ಳು. ಹನ್ನೊಂದು ದಿನ ಆಯ್ತು.'

ಕೇಳಿಸ್ಕೊಂಡ್ರಾ? ಒಂಬತ್ತು ರೋಲು ತೊಳೆದು, ಆಮೇಲೆ. ಹನ್ನೊಂದು ದಿನ ನನಗೆ ಒಂದು ಸುದ್ದಿ ಕಳಿಸಲಿಲ್ಲ. ಗಡಿಯಲ್ಲಿ ನಮ್ಮ ಪೇಪರಿನವರ ಹತ್ರ ಫೋನು ಇತ್ತು, ದಿನಾ ಮಾತಾಡ್ತಿದ್ರು. ಹೊಟ್ಟೆನೋವು ಅಂತ ಆಸ್ಪತ್ರೆಗೆ ಸೇರಿ ಮೂರು ದಿನ ಇದ್ದಳಂತೆ. ಮೂರು ದಿನದಲ್ಲಿ ನಾನು ಬರಬಹುದಿತ್ತು. ಯಾಕೆ ಹೇಳಲಿಲ್ಲ ಅಂತ ಅಂಗಿ ಹಿಡಿದು ಕೇಳಿದೆ. ಅಕ್ಕನೇ ಬೇಡ ಅಂದಳಂತೆ. 'ಅವನು ದಾರಿಯಲ್ಲಿ ಅಳ್ತಾ ಬರ್ತಾನೆ, ಗುಂಡು ಎಲ್ಲಿಂದ ಬರುತ್ತೆ ನೋಡಲ್ಲ' ಅಂದಳಂತೆ. ಅಂತೆ. ಸತ್ತವಳನ್ನ ಹೋಗಿ ಕೇಳೋಕಾಗುತ್ತಾ? ಅವಳ ಬಾಯಿಗೆ ಏನು ಬೇಕಾದ್ರೂ ಹಾಕಬಹುದು. ಮಾರನೇ ದಿನ ಮುಖಪುಟದ ತುಂಬ ನನ್ನ ಫೋಟೋ. ಎಲ್ಲರೂ ಬೆನ್ನು ತಟ್ಟಿದ್ರು. ನಾನು ಆ ಪೇಪರನ್ನ ಇವತ್ತಿನವರೆಗೆ ಬಿಡಿಸಿ ನೋಡಿಲ್ಲ.

ಆವತ್ತೇ ಅಂದ್ಕೊಂಡೆ. ಇವನನ್ನ ಬಿಡಲ್ಲ. ಸಾಯಿಸೋದಲ್ಲ, ಸಾಯೋದು ಸುಲಭ. ಇವನಿಗೆ ಯಾವುದರ ಮೇಲೆ ಜಂಭ ಇದೆಯೋ ಅದನ್ನೇ ಮುರೀಬೇಕು. ಆ ಕೈ, ಆ ಬೆರಳು... ಬೆರಳಿಗೆ ತಿಳೀಬೇಕು ಅಂತಿದ್ದನಲ್ಲ.

ಅಂದ್ರೆ... ಹಾಗೆ ಅಂದ್ಕೊಂಡೆ ಅಷ್ಟೇ. ಅಂದ್ಕೊಳ್ಳೋದಕ್ಕೇನು? ಮಾಡೋ ಮೊದಲು ಅವನೇ ತನ್ನ ಗುಂಡಿ ತಾನು ತೋಡಿಕೊಂಡ, ನಿಮ್ಮ ವಿಷಯದಲ್ಲಿ.

ಈಗ ನಾಳೆ ವಿಷಯಕ್ಕೆ ಬರ್ತೀನಿ. ನಿಮ್ಮ ಗಲಾಟೆ ಆದ ಮೇಲೆ ಪೇಪರಿನವರು ಅವನನ್ನ ಡಾರ್ಕ್ ರೂಮಿನಿಂದ ಕಿತ್ತು ನೆಲಮಾಳಿಗೆಗೆ ಹಾಕಿದ್ರು. ಹಳೇ ನೆಗೆಟಿವ್‌ಗಳ ರಾಶಿ ಇತ್ತು ಅಲ್ಲಿ, ಇಲಿಗಳ ಜೊತೆ. ಬಿದ್ದಿರು ಅಂತ ಹಾಕಿದ್ರು. ನನಗೆ ಆವತ್ತು ಹೊಟ್ಟೆ ತಣ್ಣಗಾಯ್ತು. ಆದ್ರೆ ಈ ಮನುಷ್ಯ ಏನು ಮಾಡಿದ? ಅಲ್ಲೇ ಕೂತು, ಒಂದೊಂದೇ ನೆಗೆಟಿವ್ ಒರೆಸಿ, ಕವರಿಗೆ ಹಾಕಿ, ಯಾವ ದಿನ, ಯಾವ ಬೀದಿ, ಯಾರ ಮುಖ ಅಂತ ಬರೆದು ಜೋಡಿಸಿದ. ಇಪ್ಪತ್ತು ವರ್ಷ. ಎರಡು ಲಕ್ಷ ಚಿತ್ರ. ಈಗ ಅದು ಇಡೀ ನಗರದ ಆಸ್ತಿಯಂತೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅದರ ಉದ್ಘಾಟನೆ, ಬಾಗಿಲ ಮೇಲೆ ಅವನ ಹೆಸರು, ಅವನಿಗೆ ಸನ್ಮಾನ. ನಾನು ಮೂವತ್ತು ವರ್ಷ ಗುಂಡಿನ ಮಧ್ಯೆ ಓಡಾಡಿದೆ, ನಿವೃತ್ತಿ ದಿನ ಒಂದು ಗಡಿಯಾರ ಕೊಟ್ರು, ಅದೂ ನಿಂತುಹೋಗಿದೆ. ಅವನಿಗೆ ಬಾಗಿಲ ಮೇಲೆ ಹೆಸರು. ಶಿಕ್ಷೆ ಅಂತ ಕೊಟ್ಟದ್ದೇ ಸಿಂಹಾಸನ ಆಯ್ತು. ನನಗೆ ಇದನ್ನ ನುಂಗೋಕೆ ಆಗ್ತಿಲ್ಲ ಮೇಸ್ತ್ರಿ.

ಅದಕ್ಕೇ ನೀವು ಬೇಕು. ನಾಳೆ ಸಭೆಯಲ್ಲಿ ಎದ್ದು ನಿಲ್ಲಬೇಕು. ಅವನಿಗೆ ಶಾಲೋ ಹಾರವೋ ಏನೋ ಹಾಕೋ ಹೊತ್ತಿಗೆ. ಈ ಹಾಳೆಯಲ್ಲಿ ನಾನು ಬರೆದಿಟ್ಟಿದ್ದೀನಿ, ಓದಿದ್ರೆ ಸಾಕು. 'ಈ ಮನುಷ್ಯ ಬೇಕಂತಲೇ ಉಲ್ಟಾ ಹಾಕಿದ ಒಂದು ಫೋಟೋದಿಂದ ನಾನು ಹನ್ನೊಂದು ತಿಂಗಳು ಜೈಲಿನಲ್ಲಿದ್ದೆ. ನಾನು ಒಳಗಿದ್ದಾಗ ನನ್ನ ಹೆಂಡತಿ ಮಗು ಕರ್ಕೊಂಡು ಊರಿಗೆ ಹೋದವಳು ತಿರುಗಿ ಬರಲಿಲ್ಲ.' ಇದು ನಿಜ ತಾನೇ? ವಿಚಾರಿಸಿಯೇ ಬರೆದಿದ್ದೀನಿ. ಆಮೇಲೆ ಈ ನೆಗೆಟಿವ್ ಎತ್ತಿ ಹಿಡೀರಿ. ಮಿಕ್ಕದ್ದು ಪತ್ರಕರ್ತರು ನೋಡ್ಕೋತಾರೆ. ಅವನ ಮುಖ ಆಗ ಹೇಗಿರುತ್ತೆ ಅಂತ ನಾನು ಮುಂದಿನ ಸಾಲಿನಿಂದ ತೆಗೀತೀನಿ. ಅದೊಂದು ಫೋಟೋ ತೆಗೆಯೋಕೆ ಬೀರುವಿನಿಂದ ಕ್ಯಾಮೆರಾ ಹೊರಗೆ ಬರುತ್ತೆ.

ತಗೊಳ್ಳಿ, ಹಾಳೆ. ಓದಿ ಒಂದು ಸಲ... ಯಾಕೆ, ಅಕ್ಷರ ಕಾಣಿಸ್ತಿಲ್ವಾ?

ಕೈ ಚಾಚ್ತಾನೇ ಇಲ್ಲ ನೀವು. ಭಯನಾ? ಅವನು ಏನು ಮಾಡ್ತಾನೆ, ಎಪ್ಪತ್ತೆರಡು ವಯಸ್ಸು. ನಿಮಗೆ ಸಿಟ್ಟೇ ಬರಲ್ವಾ? ನಾನು ಹೇಳ್ತೀನಿ ಆ ದಿನ ಏನಾಯ್ತು ಅಂತ, ಆಗಲಾದ್ರೂ ಬರುತ್ತೋ ನೋಡೋಣ. ನಾನು ರೋಲು ಕಿಟಕಿಯಲ್ಲಿ ಕೊಟ್ಟು ಫುಟ್ಬಾಲಿಗೆ ಹೋದೆ. ಒಳಗೆ ಅವನೊಬ್ಬನೇ. ನೆಗೆಟಿವ್ ಎತ್ಕೊಂಡ. ಬೆರಳಿಗೆ ಮಂದ ಬದಿ ತಾಗ್ತು. ತಾಗಿಯೂ ಮೇಲೆ ಮಾಡಿ ಇಟ್ಟ. ಲೈಟು ಬಿಟ್ಟ, ಎಣಿಸಿದ, ಕಾಗದವನ್ನ ಔಷಧದ ನೀರಿನ ಟ್ರೇಗೆ ಹಾಕಿ ಅಲ್ಲಾಡಿಸಿದ. ಮೊದಲು ಗೇಟಿನ ಸರಳು ಬಂತು. ಆಮೇಲೆ ಅಂಗಿಗಳು, ಜೇಬೆಲ್ಲ ಬಲಗಡೆ. ಮುಖ ಕೊನೆಗೆ. ನಿಮ್ಮದು ಎಲ್ಲಕ್ಕಿಂತ ನಿಧಾನ ಬಂತು, ನೀವು ತಲೆ ಸ್ವಲ್ಪ ಬಗ್ಗಿಸಿದ್ರಿ, ನೆರಳಿತ್ತು, ಮುಖ ಕಪ್ಪಾಗದಿರಲಿ ಅಂತ ನಾಲ್ಕು ಸೆಕೆಂಡು ಲೈಟಿಗೆ ಕೈ ಅಡ್ಡ ಹಿಡಿದು...

ಇಲ್ಲ. ನಾನು ಅಲ್ಲಿರಲಿಲ್ಲ. ಯಾವ ಪ್ರಿಂಟಾದ್ರೂ ಹಾಗೇ ಬರುತ್ತೆ, ಅದಕ್ಕೆ ಹೇಳಿದೆ. ಆರು ವರ್ಷ ಅದೇ ಕೆಲಸ ಮಾಡಿದವನಿಗೆ ನೋಡದೇನೂ ಗೊತ್ತಾಗುತ್ತೆ.

ಹಾಗೆ ನೋಡಬೇಡಿ. ಪ್ರಿಂಟಿನ ಹಿಂದೆ ಅವನ ಸೀಲು ಇತ್ತು, ಕೋರ್ಟಿನಲ್ಲೂ ತೋರಿಸಿದ್ರು. ಮೊದಲ ವಾರವೇ ಅವನು ಕೋರ್ಟಿಗೆ ಬಂದು, ಸ್ವಾಮಿ ಫೋಟೋ ಉಲ್ಟಾ ಆಗಿದೆ, ಜೇಬು ಬಲಗಡೆ ಬಂದಿದೆ ನೋಡಿ ಅಂತ ಕೈ ಮುಗಿದ. ಜಡ್ಜ್ ಏನಂದ್ರು? ಜೇಬು ಸಾಕ್ಷಿ ಅಲ್ಲ, ನೆಗೆಟಿವ್ ತನ್ನಿ ಅಂದ್ರು. ನೆಗೆಟಿವ್ ತಂದು ತೋರಿಸಿದ್ರೆ ಆ ದಿನವೇ ಬಿಡುಗಡೆ ಅಂದ್ರು. ತಂದನಾ? ಇಲ್ಲ. ಎಲ್ಲಾ ಕಡೆ ಹುಡುಕಿದೆ ಸಿಗಲಿಲ್ಲ ಅಂದ. ಕಸದ ಬುಟ್ಟಿವರೆಗೂ ಹುಡುಕಿದನಂತೆ. ಹನ್ನೊಂದು ತಿಂಗಳು ಹುಡುಕಿದನಂತೆ. ನೆಗೆಟಿವ್...

ಸಿಗಲಿಲ್ಲ.

ಮೇಸ್ತ್ರಿ, ಆ ಪೆಟ್ಟಿಗೆ ಕಡೆ ನೋಡಬೇಡಿ. ಲೈಟು ಆರಿಸ್ತೀನಿ, ಕಣ್ಣಿಗೆ ಹೊಡೆಯುತ್ತೆ. ಇದು... ಇದು ಈಚೆಗೆ ಸಿಕ್ಕಿದ್ದು. ಮನೆ ಗುಡಿಸೋವಾಗ. ಅಲ್ಲ, ಆಫೀಸಿನವರು ಕೊಟ್ರು, ನಿವೃತ್ತಿ ಆದಾಗ, ಹಳೇ ಸಾಮಾನಿನ ಜೊತೆ...

ನೀವು ಬಂದು ಒಂದು ಗಂಟೆ ಆಯ್ತು. ಒಂದು ಮಾತು ಕೇಳಲಿಲ್ಲ. ಯಾರಾದ್ರೂ ಕೇಳೋ ಮಾತು. ಈ ನೆಗೆಟಿವ್ ನಿನ್ನ ಹತ್ರ ಹೇಗೆ ಬಂತು? ನಿನ್ನ ಹತ್ರ ಇದ್ದಿದ್ರೆ ನಾನು ಒಳಗಿದ್ದಾಗ ಯಾಕೆ ತೋರಿಸಲಿಲ್ಲ? ನಾನು ಅದನ್ನ ಮೇಜಿನ ಮೇಲೆ ಇಟ್ಟಾಗಲೇ ಕೇಳಬೇಕಿತ್ತು ನೀವು. ಕುರ್ಚಿಯಿಂದ ಎದ್ದು ಕುತ್ತಿಗೆ ಹಿಡೀಬೇಕಿತ್ತು. ನನ್ನ ಮುಖ ನೋಡ್ತಾ ಕೂತಿದ್ದೀರಿ.

ನಿಮಗೆ ಮೊದಲೇ ಗೊತ್ತಿತ್ತು.

ಯಾರು ಹೇಳಿದ್ದು? ಭಾವನಾ?... ಯಾವಾಗ? ಜೈಲಿಗೆ ಬಂದಿದ್ನಾ? ಎಷ್ಟು ಸಲ?

ಪ್ರತಿ ಭಾನುವಾರ? ಹನ್ನೊಂದು ತಿಂಗಳೂ?

ಮಗುಚಿದ್ದು ತಾನಲ್ಲ, ಹೆಂಡತಿಯ ತಮ್ಮ ಅಂತ ನಿಮಗೆ ಹೇಳಿದ. ಆಫೀಸಿನಲ್ಲಿ ಹೇಳಲಿಲ್ಲ, ಕೋರ್ಟಿನಲ್ಲಿ ಹೇಳಲಿಲ್ಲ, ನಿಮಗೆ ಮಾತ್ರ ಹೇಳಿದ... ಒಂಬತ್ತು ರೋಲಿನ ವಿಷಯ? ಅದನ್ನೂ ಹೇಳಿದನಾ. ತನ್ನ ತಪ್ಪು ಅಂದನಾ ಅದನ್ನ? ನಾನು ಕೇಳಿದಾಗ ಒಂದು ದಿನವೂ ತಪ್ಪು ಅನ್ನಲಿಲ್ಲ. ನಿಮ್ಮ ಹತ್ರ ಅಂದ.

ಮತ್ತೆ ಇವತ್ತು ಯಾಕೆ ಬಂದ್ರಿ? ಗೊತ್ತಿದ್ದೂ ಎರಡು ಬಸ್ಸು ಬದಲಾಯಿಸಿ ಯಾಕೆ ಬಂದ್ರಿ? ನಾನು ಹೇಳ್ತೀನೋ ಇಲ್ವೋ ನೋಡೋಕಾ? ಫೋನು ಬಂದಾಗ, ಕೊನೆಗೂ ಹೇಳೋಕೆ ಕರೀತಿದ್ದಾನೆ ಅಂದ್ಕೊಂಡ್ರಾ?

ಹಾಂ.

ಸರಿ. ಕೇಳಿ ಹಾಗಾದ್ರೆ. ಆವತ್ತು ಮಧ್ಯಾಹ್ನ ಭಾವ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದ. ಯಾರಿಗೂ ಹೇಳಿರಲಿಲ್ಲ. ಕಣ್ಣು ಮಂಜಾಗ್ತಿದೆ ಅಂತ ಗೊತ್ತಾದ್ರೆ ಕೆಲಸಕ್ಕೆ ಕುತ್ತು ಅಂತ. ನನಗೊಬ್ಬನಿಗೆ ಹೇಳಿದ್ದ. 'ಒಂದು ಗಂಟೆ ನೋಡ್ಕೋ' ಅಂತ ಸೀಲು ನನ್ನ ಕೈಗೆ ಕೊಟ್ಟು ಹೋಗಿದ್ದ. ಅಕ್ಕ ಸತ್ತು ನಾಲ್ಕು ತಿಂಗಳು. ಫುಟ್ಬಾಲಿಗೆ ಹೋಗಿರಲಿಲ್ಲ ನಾನು. ನೆಗೆಟಿವ್ ಮಗುಚಿ ಇಟ್ಟದ್ದು ನಾನು. ಸೀಲು ಹಾಕಿದ್ದು ನಾನು. ಮಾರನೇ ದಿನ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕ್ತಾರೆ, ಡಾರ್ಕ್ ರೂಮಿನವರ ತಪ್ಪು ಅಂತ, ಎಲ್ಲರ ಮುಂದೆ ಅವನಿಗೆ ಅವಮಾನ ಆಗುತ್ತೆ, ನನ್ನ ಬೆರಳೇ ನನಗೆ ಮೋಸ ಮಾಡ್ತು ಅಂತ ಸಾಯೋವರೆಗೆ ಕೊರಗ್ತಾನೆ. ಅಷ್ಟೇ ಲೆಕ್ಕ ಹಾಕಿದ್ದೆ. ನೀವು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ ಮೇಸ್ತ್ರಿ. ಐದು ಜನದಲ್ಲಿ ಆ ಜಾಗಕ್ಕೆ ಯಾರು ಬರ್ತಾರೆ ಅಂತ ನಾನು ಎಣಿಸಲೂ ಇಲ್ಲ.

ಪೊಲೀಸರು ನಿಮ್ಮನ್ನ ಎಳ್ಕೊಂಡು ಹೋದ್ರು ಅಂದ ದಿನ ನೆಗೆಟಿವ್ ನನ್ನ ಅಂಗಿ ಜೇಬಿನಲ್ಲೇ ಇತ್ತು. ಕೊಡಬಹುದಿತ್ತು. ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂದ್ಕೊಂಡೆ. ಕೊಟ್ರೆ ನಾನು ಒಳಗೆ ಹೋಗ್ತೀನಿ. ಅದಕ್ಕಿಂತ... ನಿಜ ಹೇಳಬೇಕಾ? ಅವನು ಕಸದ ಬುಟ್ಟಿಯಲ್ಲಿ ಕೈ ಹಾಕಿ ಹುಡುಕೋದನ್ನ ನೋಡೋಕೆ ನನಗೆ ಹಿತವಾಗ್ತಿತ್ತು. ಅವನು ಹುಡುಕೋದು ನನಗಾಗಿ ನಾಟಕ ಅಂತ ಆಗ ಗೊತ್ತಿರಲಿಲ್ಲ. ಈಗ ಹೊಳೀತಿದೆ, ಅವನಿಗೆ ಗೊತ್ತಿತ್ತು, ನನ್ನ ಹತ್ರವೇ ಇದೆ ಅಂತ. ನಾನಿದ್ದ ಕೋಣೆಯಲ್ಲೇ ಹುಡುಕ್ತಿದ್ದ ಯಾವಾಗಲೂ. ನಾನು ಎದ್ದು ಕೊಡಲಿ ಅಂತ.

ಹನ್ನೊಂದು ತಿಂಗಳು ನಿಮ್ಮ ಆಯುಷ್ಯ ತಿಂದೆ ನಾನು. ಹೆಂಡತಿ ಮಗುವನ್ನೂ. ಬೈಯಿರಿ. ಕಪಾಳಕ್ಕೆ ಹೊಡೀರಿ, ತಡೆಯಲ್ಲ.

ಎದ್ರಾ?

ತಗೊಳ್ಳಿ, ನೆಗೆಟಿವ್ ತಗೊಂಡೇ ಹೋಗಿ. ನಿಮ್ಮದೇ ಅದು. ಪೊಲೀಸಿಗೆ ಕೊಡಿ, ನಾಳೆ ಸಭೆಯಲ್ಲಿ ನನ್ನ ಹೆಸರು ಹೇಳಿ... ಬೇಡ್ವಾ? ಅದೂ ಬೇಡ್ವಾ? ಮತ್ತೆ ಏನು ಬೇಕು ನಿಮಗೆ?

ನಾಳೆ ನೀವು ಹೋಗ್ತೀರಲ್ಲ. ಭಾವನ ಪಕ್ಕದಲ್ಲಿ ಕೂರ್ತೀರಿ, ಅಲ್ವಾ? ಇಷ್ಟು ವರ್ಷ ಅವರ ಮನೆಗೆ ಹೋಗ್ತಾ ಬರ್ತಾ ಇದ್ದೀರಿ, ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಅಕ್ಕ ಇದ್ದ ಮನೆ ಅದು. ಅಡುಗೆಮನೆಯಲ್ಲಿ ಅವಳ ಚಿಕ್ಕ ಮಣೆ ಇನ್ನೂ ಇರಬೇಕು. ನಾನು ಇಪ್ಪತ್ತಾರು ವರ್ಷದಲ್ಲಿ ಆ ಬೀದಿಗೂ ಹೋಗಿಲ್ಲ.

ಬಾಗಿಲು ಆಮೇಲೆ ತೆಗೀರಿ. ಒಂದೇ ಒಂದು ಕೇಳ್ತೀನಿ, ತಲೆ ಆಡಿಸಿದ್ರೆ ಸಾಕು. ಜೈಲಿನಲ್ಲಿ ಹೇಳಿದ್ದು ಬಿಡಿ, ಅದು ಆವತ್ತಿನ ಮಾತು. ಆಮೇಲೆ. ಊಟಕ್ಕೆ ಕೂತಾಗ, ಸುಮ್ಮನೆ ಮಾತಾಡ್ತಾ ಇರೋವಾಗ... ನನ್ನ ಬಗ್ಗೆ ಭಾವ ಏನಂತಾರೆ?

ಸಿಟ್ಟು ಮಾಡ್ಕೋತಾರಾ? ಶಾಪ ಹಾಕ್ತಾರಾ?

ಹೆಸರೇ ಎತ್ತಲ್ವಾ.

ಒಂದು ಸಲವೂ?